ಸೌಟು ತಳ ಮುಟ್ಟಲಿ

ಆ ಓಣಿಯಲ್ಲಿ ಯಾರ ಮನೆಗೆ ಬಣ್ಣ ಬಳಿಯಬೇಕಾದರೂ ಏಣಿಯಕ್ಕನಿಗೇ ಕರೆ ಹೋಗುತ್ತಿತ್ತು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಹೆಗಲ ಮೇಲೆ ಏಣಿಯಿಲ್ಲದೆ ಅವಳನ್ನು ಕಂಡವರೇ ಇರಲಿಲ್ಲವಾದ್ದರಿಂದ ಆ ಹೆಸರು ಮೂಲೆ ಸೇರಿತ್ತು. ಗಂಡಸರು ಹಿಂದೆ ಮುಂದೆ ನೋಡುವ ಎತ್ತರಕ್ಕೆ ಅವಳು ಬ್ರಷ್ಷನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸರಸರನೆ ಏರುತ್ತಿದ್ದಳು. ಅಂಥವಳು ಒಂದು ದಿನ ಒದ್ದೆ ನೆಲದಲ್ಲಿ ಏಣಿ ಜಾರಿ ಬಿದ್ದಳು. ಮೊಣಕಾಲಿನ ಕೆಳಗೆ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ, ರಾಡು ಕೂರಿಸಿ, ಹೊಲಿಗೆ ಹಾಕಿ ಮನೆಗೆ ಕಳಿಸಿದರು.

ನೋಡಲು ಬಂದ ಮೇಸ್ತ್ರಿ ಕುರ್ಚಿಯ ತುದಿಯಲ್ಲಿ ಕೂತು ಗಂಟಲು ಸರಿಮಾಡಿಕೊಂಡ.

"ಬೇಸಿಗೆ ರಜೆಗೆ ಶಾಲೆ ಗೋಡೆ ಕೆಲಸ ಇದೆ ಕಣಮ್ಮ. ನೀನು ಕೆಳಗೆ ನಿಂತು ಬಣ್ಣ ಕಲಸಿಕೊಡು, ಸಾಕು. ಏಣಿ ಹತ್ತೋಕೆ ಬೇರೆ ಯಾರನ್ನಾದ್ರೂ ನೋಡ್ತೀನಿ."

"ಯಾರನ್ನೂ ನೋಡ್ಬೇಡಿ. ಆ ಏಣಿ ಹತ್ತೋದು ನಾನೇ."

ಬಾಯಿ ಅಂದಷ್ಟು ಸುಲಭವಾಗಿ ಕಾಲು ಒಪ್ಪಬೇಕಲ್ಲ. ವಾರಗಳು ಉರುಳಿದರೂ ಗಾಯ ಕೂಡಿಕೊಳ್ಳಲಿಲ್ಲ. ಒಂದು ಕಡೆ ಹಸಿಹಸಿಯಾಗಿಯೇ ಉಳಿಯಿತು. ಆ ಕಾಲಿನ ತೊಡೆ ಸೊರಗಿ, ಚರ್ಮ ಜೋಲು ಬಿತ್ತು. ಹಾಸಿಗೆಯಲ್ಲಿ ಬಿದ್ದುಕೊಂಡು ಗೋಡೆಗೊರಗಿದ ಏಣಿಯನ್ನು ನೋಡುವಾಗೆಲ್ಲ ಅವಳಿಗೆ ಅಳು ಬರುತ್ತಿತ್ತು, ಅದರ ಹಿಂದೆಯೇ ಸಿಟ್ಟೂ ಬರುತ್ತಿತ್ತು.

ಅತ್ತೆಯ ಆರೈಕೆಯಲ್ಲಿ ಕೊರತೆಯಿತ್ತೆಂದು ಯಾರೂ ಹೇಳುವಂತಿರಲಿಲ್ಲ. ಹೊತ್ತು ಹೊತ್ತಿಗೆ ಬಿಸಿ ಗಂಜಿ ಬರುತ್ತಿತ್ತು. ಆ ಮನೆಯಲ್ಲಿ ಬಡಿಸುವ ಅಧಿಕಾರ ಅತ್ತೆಯದು. ಕಾಳು ಬೇಯಿಸಿದ ಪಾತ್ರೆಯನ್ನು ಎತ್ತದೆ, ಅಡುಗೆ ಕಟ್ಟೆಯ ಮೇಲೆ ಗರಗರನೆ ಎಳೆದು ತರುತ್ತಿದ್ದರು. ಸೌಟು ತಳಕ್ಕಿಳಿದರೆ ಅದು ಗೋದಾಮಿನಲ್ಲಿ ಮೂಟೆ ಹೊರುವ ಮಗನ ತಟ್ಟೆಗೆ. ಮೇಲೆ ಮೇಲೆ ತೇಲಿಸಿದ ತಿಳಿ ಸೊಸೆಯ ಗಂಜಿಗೆ ಮತ್ತು ತಮಗೆ.

ಒಂದು ಸಂಜೆ ಪಟ್ಟಿ ಬದಲಿಸಲು ಆಸ್ಪತ್ರೆಯ ನರ್ಸಮ್ಮ ಬಂದರು. ಗಾಯ ನೋಡಿದರು, ಎರಡೂ ತೊಡೆಗಳನ್ನು ಮುಟ್ಟಿ ನೋಡಿದರು.

"ಸಕ್ಕರೆ ಕಾಯಿಲೆ ಇಲ್ಲ, ಸೋಂಕೂ ಇಲ್ಲ ಅಂತ ಡಾಕ್ಟರು ಹೇಳಿದ್ದಾರೆ. ಹಾಗಾದ್ರೆ ಇದು ಯಾಕೆ ಮಾಗ್ತಿಲ್ಲ? ನಿನ್ನೆ ಏನು ತಿಂದ್ರಿ?"

"ಗಂಜಿ."

"ಮೊನ್ನೆ?"

"ಗಂಜಿ. ಆಚೆ ಮೊನ್ನೆನೂ ಗಂಜಿ. ಕೇಳ್ಬೇಡಿ ನರ್ಸಮ್ಮ, ಹೊಟ್ಟೆ ಉರಿಯುತ್ತೆ."

ಅತ್ತೆ ಒಳಗಿನಿಂದಲೇ ಗದರಿದರು. "ಮತ್ತೇನು ಕೊಡೋದು? ಗಾಯಕ್ಕೆ ಕಾಳು, ಮೊಟ್ಟೆ ನಂಜು. ಕೀವು ಕಟ್ಟುತ್ತೆ."

"ಕೀವು ಬರೋದು ಸೋಂಕಿನಿಂದ ಅಮ್ಮಾ, ಕಾಳಿನಿಂದಲ್ಲ. ಹೊಸ ಚರ್ಮ ಬೆಳೆಯೋಕೆ ಪ್ರೋಟೀನ್ ಬೇಕು. ಮೂಳೆ ಒಳಗಿನ ಹಂದರಕ್ಕೂ ಅದೇ ಬೇಕು. ತಟ್ಟೇಲಿ ಸಿಗದಿದ್ರೆ ಮೈ ಸುಮ್ನೆ ಕೂರಲ್ಲ, ಇವರ ಮಾಂಸಖಂಡನೇ ಕರಗಿಸಿ ತಗೊಳ್ಳುತ್ತೆ. ಈ ತೊಡೆ ನೋಡಿ. ಅಲ್ಲಾಡದೆ ಮಲಗಿ ಅರ್ಧ ಸೊರಗಿದೆ, ಹೊಟ್ಟೆಗೆ ಸಾಲದೆ ಇನ್ನರ್ಧ."

"ಅಂದ್ರೆ ಬಿರುಕು ಬಿಟ್ಟ ಗೋಡೆಗೆ ಪುಟ್ಟಿ ತುಂಬದೆ, ಬರೀ ನೀರು ಚಿಮುಕಿಸ್ತಾ ಕೂತಿದ್ದೀವಿ ಅನ್ನಿ," ಎಂದಳು ಏಣಿಯಕ್ಕ.

ಅವಳ ಗಂಡ ತಲೆ ಕೆರೆದುಕೊಂಡ. "ದಿನಾ ಮಾಂಸ, ಮೀನು ಅಂದ್ರೆ ನಮ್ಮ ಕೈಲಾಗುತ್ತಾ?"

"ಮಾಂಸ ಯಾರು ಕೇಳಿದ್ರು?" ನರ್ಸಮ್ಮ ಅಡುಗೆ ಕಟ್ಟೆಯ ಮೇಲಿನ ಪಾತ್ರೆಯತ್ತ ಕೈ ತೋರಿದರು. "ನಿಮ್ಮ ಪಾತ್ರೆ ತಳದಲ್ಲೇ ಇದೆಯಲ್ಲ! ಕಾಳು, ಬೇಳೆ, ಮೊಸರು, ಕಡಲೆಕಾಯಿ. ಜೊತೆಗೊಂದು ಮೊಟ್ಟೆ ಸಿಕ್ಕಿದ್ರೆ ಇನ್ನೂ ಒಳ್ಳೇದು. ಒಂದೇ ಹೊತ್ತಿಗೆ ಸುರಿಯೋದಲ್ಲ, ಪ್ರತಿ ಊಟದಲ್ಲೂ ಇರ್ಬೇಕು."

"ಮಲಗಿರೋಳಿಗೆ ಯಾಕ್ರೀ ಅಷ್ಟೆಲ್ಲ?" ಅತ್ತೆ ಹೊರಗೆ ಬಂದೇಬಿಟ್ಟರು. "ಅವಳೇನು ಮೂಟೆ ಹೊರ್ತಾಳಾ?"

"ಮೂಟೆ ಹೊರ್ತಿಲ್ಲ, ಮುರಿದ ಕಾಲು ಕಟ್ತಿದ್ದಾಳೆ. ಅದಕ್ಕಿಂತ ದೊಡ್ಡ ಕೆಲಸ ಈ ಮನೇಲಿ ಈಗ ಯಾರು ಮಾಡ್ತಿದ್ದಾರೆ ಹೇಳಿ?"

ಅತ್ತೆ ಮುಖ ತಿರುಗಿಸಿದರು. ನರ್ಸಮ್ಮ ಚೀಲ ಹೆಗಲಿಗೇರಿಸಿ ಹೊರಟರು.

ಊಟದ ಹೊತ್ತಾಯಿತು. ಪಾತ್ರೆ ಗರಗರ ಎಂದಿತು. ಎಂದಿನಂತೆ ಸೌಟು ಮೇಲೆ ಮೇಲೆ ತೇಲುವುದನ್ನು ಏಣಿಯಕ್ಕ ಹಾಸಿಗೆಯಿಂದಲೇ ಕಂಡಳು. ಇನ್ನು ಅವಳಿಂದ ಸುಮ್ಮನಿರಲಾಗಲಿಲ್ಲ. ಊರುಗೋಲು ಕಂಕುಳಿಗೆ ಸಿಕ್ಕಿಸಿ, ಹಲ್ಲು ಕಚ್ಚಿ ಅಡುಗೆಮನೆಗೆ ನಡೆದು ಕೈ ಚಾಚಿದಳು.

"ಸೌಟು ಕೊಡಿ ಅತ್ತೆ."

"ನಾನಿರೋ ತನಕ ಈ ಮನೇಲಿ ಸೌಟು ನನ್ನದು!"

"ಸೌಟು ನಿಮ್ಮದೇ ಇರ್ಲಿ. ಕಾಲು ನನ್ನದು."

"ನಂಜಾದ್ರೆ?"

"ನಂಜಾದ್ರೆ ನನ್ನ ಬ್ರಷ್ಷೆಲ್ಲ ನೀವೇ ಒಲೆಗೆ ಹಾಕಿ. ಈ ಜನ್ಮದಲ್ಲಿ ಏಣಿ ಮುಟ್ಟಲ್ಲ."

ಅತ್ತೆಯ ದನಿ ಒಡೆಯಿತು. "ನನಗೂ ಕೈ ಮುರಿದಿತ್ತು ಕಣೇ. ನಿನ್ನ ಗಂಡ ಆಗ ಕೈಗೂಸು. ನಮ್ಮತ್ತೆ ಗಂಜೀನೇ ಕೊಟ್ಟಿದ್ದು. ನಾನೇನು ಸತ್ತೋದ್ನಾ?"

ಏಣಿಯಕ್ಕ ಅತ್ತೆಯ ಸೊಟ್ಟ ಮಣಿಕಟ್ಟನ್ನು ನೋಡಿದಳು. ಕಟ್ಟೆಯ ಮೇಲೆ ಪಾತ್ರೆ ಎಳೆದೆಳೆದು ಬಿದ್ದ ಗೀರುಗಳನ್ನು ನೋಡಿದಳು. ಎಳೆಯುವುದು ಅತ್ತೆಯ ಅಭ್ಯಾಸವೆಂದೇ ಇಷ್ಟು ವರ್ಷ ತಿಳಿದಿದ್ದಳು. ಮೂಳೆ ಸರಿಯಾಗಿ ಕೂರಿಸಿರಲಿಲ್ಲವೋ, ಹೊಟ್ಟೆಗೆ ಸಾಲಲಿಲ್ಲವೋ, ಈಗ ಯಾರು ಹೇಳಬೇಕು?

"ಸಾಯಲಿಲ್ಲ ಅತ್ತೆ," ಎಂದಳು ಮೆಲ್ಲಗೆ. "ಆದ್ರೆ ಪಾತ್ರೆ ಎತ್ತೋ ಬಲ ಆ ಕೈಗೆ ವಾಪಸ್ ಬಂತಾ?"

ಅಷ್ಟು ಹೊತ್ತೂ ತಟ್ಟೆಯಿಂದ ತಲೆ ಎತ್ತದಿದ್ದ ಗಂಡ ತಟ್ಟೆಯನ್ನೇ ಮುಂದೆ ತಳ್ಳಿದ. "ಅಮ್ಮಾ, ನನ್ನದನ್ನ ಇವಳಿಗೆ ಹಾಕು."

"ನಿಮ್ಮ ತಟ್ಟೆಯಿಂದ ನನಗೆ ಬೇಡ. ಪಾತ್ರೆ ಕಲಕಿದ್ರೆ ಎಲ್ಲರಿಗೂ ಬರುತ್ತೆ."

ಅತ್ತೆ ಸೌಟನ್ನೇನೂ ಬಿಟ್ಟುಕೊಡಲಿಲ್ಲ. ಆದರೆ ಪಾತ್ರೆಯನ್ನು ಕಲಕಿದರು. ಸಿಟ್ಟಿನಲ್ಲೇ ಕಲಕಿದರೂ ತಟ್ಟೆಗೆ ಬಿದ್ದದ್ದು ಕಾಳು.

ಆಮೇಲೆ ನರ್ಸಮ್ಮ ಪಟ್ಟಿ ಬಿಚ್ಚಿದಾಗೆಲ್ಲ ಅತ್ತೆ ಕನ್ನಡಕ ಏರಿಸಿಕೊಂಡು ಕೀವು ಹುಡುಕಲು ಹಾಜರು. ಕೀವು ಸಿಗಲಿಲ್ಲ. ಗಾಯದ ಅಂಚು ಒಣಗಿತು, ಮೆಲ್ಲಮೆಲ್ಲಗೆ ಕೂಡಿಕೊಂಡಿತು. ಕಣ್ಣಲ್ಲಿ ನೀರು ತುಂಬಿದರೂ ಆಸ್ಪತ್ರೆಯಲ್ಲಿ ಹೇಳಿಕೊಟ್ಟ ವ್ಯಾಯಾಮವನ್ನು ಏಣಿಯಕ್ಕ ತಪ್ಪಿಸಲಿಲ್ಲ. ಕೊನೆಗೆ ಅತ್ತೆಯೇ ಮೊಟ್ಟೆ ಸುಲಿದು ತಂದು, "ನಂಜಂತೆ ನಂಜು! ಯಾರು ಹೇಳಿದ್ರೋ," ಎನ್ನುವಂತಾಯಿತು. ಹೇಳಿದವರು ಯಾರೆಂದು ಯಾರೂ ನೆನಪಿಸಲಿಲ್ಲ.

ಹತ್ತಬಹುದು ಎಂದು ಡಾಕ್ಟರು ಹೇಳಿದ ಮೇಲೆ ಏಣಿಯಕ್ಕ ಶಾಲೆಯ ಗೋಡೆಗೆ ಏಣಿ ಒರಗಿಸಿದಳು. ಮೇಲಿನ ಮೆಟ್ಟಿಲಿಂದ ಕೂಗಿದಳು. "ಮೇಸ್ತ್ರೀ, ಕೆಳಗೆ ನಿಂತು ಬಣ್ಣ ಕಲಸಿಕೊಡಿ, ಸಾಕು!"

ಆ ಸಂಜೆ ಅತ್ತೆ ಎಲ್ಲರಿಗೂ ಕಲಕಿ ಬಡಿಸಿ, ತಮ್ಮ ತಟ್ಟೆಗೆ ಮಾತ್ರ ಮರೆತವರಂತೆ ತಿಳಿ ತೇಲಿಸಿಕೊಂಡರು. ಏಣಿಯಕ್ಕ ಮತ್ತೆ ಕೈ ಚಾಚಿದಳು. ಈ ಸಲ ಸೌಟು ಸಿಕ್ಕಿತು. ತಳದಿಂದ ತುಂಬಿ ಅತ್ತೆಯ ತಟ್ಟೆಗೆ ಹಾಕಿದಳು.

"ನನಗ್ಯಾಕೆ? ನಾನೇನು ಬಿದ್ದಿದ್ದೀನಾ?"

"ಬೀಳಬಾರ್ದು ಅಂತಲೇ ಅತ್ತೆ."

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಈ ಹೊತ್ತಿನ ಊಟಕ್ಕೆ ನಿಮ್ಮ ಮನೆಯ ಸೌಟು ಎಲ್ಲಿಯವರೆಗೆ ಇಳಿಯುತ್ತದೆ, ನೋಡಿಕೊಳ್ಳಿ. ಗಾಯವಾದವರಿಗೆ, ಮೂಳೆ ಮುರಿದವರಿಗೆ ಪಥ್ಯದ ಹೆಸರಲ್ಲಿ ಬರೀ ಗಂಜಿ ಕುಡಿಸಬೇಡಿ. ವಯಸ್ಸಾದವರ ಕಾಲಲ್ಲಿ ಬಲವಿದ್ದರೆ ಬೀಳುವ ಭಯವೂ ಕಡಿಮೆ, ಅವರ ತಟ್ಟೆಗೂ ಕಾಳು ಬೀಳಲಿ. ಮೂತ್ರಪಿಂಡದ ಕಾಯಿಲೆ ಇದ್ದವರು ಡಾಕ್ಟರನ್ನು ಕೇಳಿ ತಿನ್ನಿ. ಗಾಯ ಮಾಗದಿದ್ದರೆ ಕಾಯುತ್ತ ಕೂರದೆ ಆಸ್ಪತ್ರೆಗೆ ತೋರಿಸಿ. ಮಲಗಿರುವವಳಿಗೆ ಯಾಕೆ ಅಷ್ಟೆಲ್ಲ ಎಂದು ಯಾರಾದರೂ ಅಂದರೆ, ತಲೆ ತಗ್ಗಿಸಬೇಡಿ. ಏಣಿಯಕ್ಕನ ಹಾಗೆ ಕೈ ಚಾಚಿ, ಸೌಟು ಕೇಳಿ.