ಪಕ್ಕಕ್ಕೆ ಬಂದು ಓದುವ ಹೆಂಡತಿ

ಬಸ್ಸಿನ ಬೋರ್ಡನ್ನು ಎರಡು ಸಲ ನೋಡಿ, ಆಮೇಲೆ "ಬನವಾಸಿಗೆ ಹೋಗತೈತೇನ್ರಿ?" ಎಂದು ಕೇಳುವವರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ದಾಸನಕೊಪ್ಪದ ಶಂಕ್ರಪ್ಪ ಅವರಲ್ಲೊಬ್ಬ. ಸಾಕ್ಷರತಾ ಕೇಂದ್ರದಲ್ಲಿ ನಾಲ್ಕು ದಿನ ಕೂತು ಸಹಿ ಹಾಕುವುದೊಂದನ್ನು ಕಲಿತಿದ್ದ. ಸಹಿ ಮಾತ್ರ ಸಾಹೇಬರದ್ದಕ್ಕಿಂತ ಜೋರು. ಕನ್ಯೆ ನೋಡಲು ಹೋದಾಗ ಹಿರಿಯರು ಹುಡುಗ ಏಳನೇ ಕ್ಲಾಸು ಪಾಸು ಎಂದುಬಿಟ್ಟರು, ಇವನು ಬಾಯಿ ಬಿಡಲಿಲ್ಲ. ಆ ಸುಳ್ಳನ್ನು ಹೆಂಡತಿ ದಾಕ್ಷಾಯಿಣಿಯಿಂದ ಐದು ವರ್ಷ ಮುಚ್ಚಿಟ್ಟುಕೊಂಡು ಬಂದಿದ್ದ. ಗೊತ್ತಾದರೆ ಅವಳ ಕಣ್ಣಲ್ಲಿ ತಾನು ಸಣ್ಣವನಾಗುತ್ತೇನೆ ಎಂಬುದೇ ಅವನ ದೊಡ್ಡ ಭಯ.

2003ರಲ್ಲಿ ಭತ್ತದ ಒಕ್ಕಣೆ ಮುಗಿದ ಮೇಲೆ ಮನೆಗೆ ಮಕ್ಕಳ ಪುಸ್ತಕಗಳು ಬರತೊಡಗಿದವು. ತರುವವಳು ಅಂಗನವಾಡಿಯ ನೀಲಗಂಗವ್ವ. ಸಂಜೆ ಶಂಕ್ರಪ್ಪ ಎತ್ತು ಕಟ್ಟಿ ಪಡಸಾಲೆಯಲ್ಲಿ ಕೂತನೋ ಇಲ್ಲವೋ, ದಾಕ್ಷಾಯಿಣಿ ನಾಲ್ಕು ವರ್ಷದ ಮಗಳನ್ನು ಕರೆದುಕೊಂಡು ಸರಿಯಾಗಿ ಅವನ ಪಕ್ಕಕ್ಕೇ ಬಂದು ಕೂರುವಳು. ಒಂದೊಂದೇ ಅಕ್ಷರದ ಕೆಳಗೆ ಬೆರಳಿಟ್ಟು, ಎಳೆದೆಳೆದು, ಗಟ್ಟಿಯಾಗಿ ಓದುವಳು.

ಇಷ್ಟು ದೊಡ್ಡ ಮನೆಯಲ್ಲಿ ಇವಳಿಗೆ ಬೇರೆ ಜಾಗ ಸಿಗಲಿಲ್ಲವೆ? ಬೆಲ್ಲ ಕಟ್ಟಿದ ಪೇಪರನ್ನು ಸರಸರ ಓದಿ ಮುಗಿಸುವವಳು ಇಲ್ಲಿ ಮಾತ್ರ ಯಾಕೆ ಇಷ್ಟು ನಿಧಾನ? ಇವಳಿಗೆ ಎಲ್ಲ ಗೊತ್ತಾಗಿದೆ, ಬೇಕಂತಲೇ ಚುಚ್ಚುತ್ತಿದ್ದಾಳೆ ಎಂದು ಶಂಕ್ರಪ್ಪನಿಗೆ ಅನುಮಾನ ಹತ್ತಿತು. ಒಂದು ಸಂಜೆ ಮಗಳು ಪುಸ್ತಕವನ್ನು ಅವನ ತೊಡೆಯ ಮೇಲಿಟ್ಟು, "ಅಪ್ಪಾ, ನೀ ಓದು" ಅಂದಳು. ಕೂಸಿಗೆ ಇದನ್ನು ಹೇಳಿಕೊಟ್ಟವರು ಯಾರು? ಗದರಿಸಿ ಎದ್ದು ಹೋದ. ಹಿಂದಿನಿಂದ ಅಳು ಕೇಳಿದರೂ ತಿರುಗಿ ನೋಡಲಿಲ್ಲ.

ಮರುದಿನ ನೀಲಗಂಗವ್ವನನ್ನು ದಾರಿಯಲ್ಲೇ ತಡೆದ. ನಾಲ್ಕು ವರ್ಷದ ಕೂಸಿಗೆ ಪುಸ್ತಕ ಯಾಕೆ, ಉಂಡು ಆಡಿಕೊಂಡಿರಲಿ ಬಿಡಿ ಎಂದ.

"ಓದೂದು ಕೇಳಿಸಿಕೊಂತ ಬೆಳೆದ ಕೂಸಿಗೆ ಮಾತು ಲಗೂ ಬರತಾವ ಅಣ್ಣಾರ," ಅಂದಳು ಆಕೆ. "ಸಾಲಿಗೆ ಹೋದಾಗ ಅಕ್ಷರ ಕಂಡು ಅಂಜೂದಿಲ್ಲ. ದಿನಾ ಕಾಲು ತಾಸು ಸಾಕು. ಓದಾಕ ಬರದವ್ರು ಬಾಜೂಕ ಕುಂತು ಚಿತ್ರ ತೋರಿಸಿ ಕತಿ ಹೇಳಿದ್ರೂ ನಡೀತೈತಿ."

ಬರದವರು ಅಂದರೆ ಯಾರು? ಆ ಮಾತಿಗೆ ಆಕೆ ತನ್ನ ಮುಖವನ್ನೇ ಯಾಕೆ ನೋಡಿದಳು? ಇಬ್ಬರೂ ಕೂಡಿಯೇ ಈ ಆಟ ಹೂಡಿದ್ದಾರೆ ಎಂದು ಶಂಕ್ರಪ್ಪ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡ.

ಅದಾಗಿ ಎರಡೇ ದಿನ. ವಾಪಸು ಕೊಡುವ ಪುಸ್ತಕದೊಳಗೆ ದಾಕ್ಷಾಯಿಣಿ ಏನೋ ಬರೆದು ಚೀಟಿ ಇಟ್ಟದ್ದನ್ನು ಕಂಡ. ಅವಳು ನೀರಿಗೆ ಹೋದಾಗ ಅದನ್ನು ತೆಗೆದ. ತನ್ನ ಮಾನ ಇದರಲ್ಲೇ ಹರಾಜಾಗಿದೆ ಎಂದು ಅವನಿಗೆ ಖಾತ್ರಿ. ಆದರೆ ಓದಿಸುವುದು ಯಾರ ಹತ್ತಿರ? ಊರಲ್ಲಿ ಯಾರಿಗೆ ತೋರಿಸಿದರೂ ಗುಟ್ಟು ರಟ್ಟು. ಚೀಟಿ ಕಿಸೆಗಿಟ್ಟು, ಬೋರ್ಡು ನೋಡಿ, ಕಂಡಕ್ಟರನನ್ನು ಕೇಳಿ, ಬನವಾಸಿಗೆ ಹೋದ. ಅಲ್ಲಿ ಒಂದು ಹೊಲಿಗೆ ಅಂಗಡಿಯಲ್ಲಿ ಕಲ್ಲಯ್ಯ ಎಂಬ ಗುರುತಿಲ್ಲದ ಹಿರಿಯ ಕೂತಿದ್ದ. ಚಷ್ಮಾ ಮನೆಯಲ್ಲಿ ಬಿಟ್ಟು ಬಂದೆ, ಸ್ವಲ್ಪ ಓದಿ ಹೇಳಿ ಎಂದು ಶಂಕ್ರಪ್ಪ ಚೀಟಿ ಚಾಚಿದ. ಮೂವತ್ತರ ಗಂಡಸಿನ ಮೂಗಿನ ಮೇಲೆ ಚಷ್ಮಾದ ಕಲೆಯೇ ಇರಲಿಲ್ಲ. ಕಲ್ಲಯ್ಯ ಅದನ್ನು ಕಂಡೂ ಕಾಣದವನಂತೆ ಓದಿದ.

"ಅಕ್ಕಾರ, ಈ ಪುಸ್ತಕದಾಗ ಅಕ್ಷರ ಭಾಳ ಸಣ್ಣವು. ಮುಂದಿನ ಸಲ ದಪ್ಪ ಅಕ್ಷರದ್ದು, ಎತ್ತು, ಹೊಲದ ಚಿತ್ರ ಇದ್ದದ್ದು ಕೊಡ್ರಿ. ಬರೇ ಮಗಳಿಗಲ್ಲ, ಮನ್ಯಾಗ ಇನ್ನೊಬ್ರು ಕಲಿಯೋರು ಅದಾರ. ಯಾರಂತ ಮಾತ್ರ ಕೇಳಬ್ಯಾಡ್ರಿ."

ಶಂಕ್ರಪ್ಪ ಇನ್ನೊಮ್ಮೆ ಓದಿಸಿ ಕೇಳಿದ. ಪಕ್ಕಕ್ಕೇ ಬಂದು ಕೂತದ್ದು, ಬೆರಳಿಟ್ಟದ್ದು, ಎಳೆದೆಳೆದು ಓದಿದ್ದು ಎಲ್ಲ ತನಗಾಗಿಯೇ. ಅವನ ಗುಟ್ಟನ್ನು ಅವನಿಗಿಂತ ಜೋಪಾನವಾಗಿ ಅವಳು ಕಾಯ್ದಿದ್ದಳು. ಅವನಿಗೆ ನಾಚಿಕೆಯಾಯಿತು. ಕಲ್ಲಯ್ಯ ಚೀಟಿಯನ್ನು ಮಡಚಿ ಕೈಗಿಟ್ಟು, "ನಿನ್ನ ಚಷ್ಮಾ ಮನ್ಯಾಗೇ ಐತಪಾ, ಜ್ವಾಕಿ ಮಾಡು" ಅಂದ.

ಮನೆಗೆ ಬಂದವನೇ ಚೀಟಿಯನ್ನು ಇದ್ದಲ್ಲಿಯೇ ಇಟ್ಟ. ಸಂಜೆ ದಾಕ್ಷಾಯಿಣಿ ಪುಸ್ತಕ ತೆರೆಯುವುದನ್ನೇ ಕಾದು ಕೂತ.

"ಇನ್ನೂ ಸಾವಕಾಶ ಓದು," ಅಂದ. "ಬೆರಳು ಸರಿಸಬ್ಯಾಡ. ನನಗ ಓದಾಕ ಬರೂದಿಲ್ಲ."

ದಾಕ್ಷಾಯಿಣಿ ಅವನ ಹತ್ತಿರಕ್ಕೆ ಸರಿದಳು. ಮೊದಲ ಪುಟಕ್ಕೆ ತಿರುವಿದಳು. ಮಗಳು ಅಪ್ಪನ ಬೆರಳು ಹಿಡಿದೆಳೆದು ಅವ್ವನ ಬೆರಳಿನ ಪಕ್ಕ ಇಟ್ಟಳು. ಮುಂದಿನ ಮಳೆಗಾಲ ಹಿಡಿಯುವಷ್ಟರಲ್ಲಿ ಶಂಕ್ರಪ್ಪ ಬಸ್ಸಿನ ಬೋರ್ಡನ್ನು ತಾನೇ ಓದಿದ. ರೂಢಿ ಬಿಡಲಾಗದೆ ಕಂಡಕ್ಟರನನ್ನೂ ಕೇಳಿದ.

ಅಕ್ಕಂದಿರೆ, ಅಣ್ಣಂದಿರೆ, ದಿನಕ್ಕೆ ಕಾಲು ತಾಸು ಮನೆಯವರೆಲ್ಲ ಒಂದು ಪುಸ್ತಕದ ಸುತ್ತ ಕೂತುಕೊಳ್ಳಿ. ಪುಸ್ತಕವನ್ನು ಅಂಗನವಾಡಿಯಲ್ಲಿ, ಪಂಚಾಯಿತಿಯ ಗ್ರಂಥಾಲಯದಲ್ಲಿ ಕೇಳಿ ನೋಡಿ. ಏನೂ ಸಿಗದಿದ್ದರೆ ಬೆಲ್ಲ ಕಟ್ಟಿಕೊಂಡು ಬಂದ ಪೇಪರಾದರೂ ಆದೀತು. ಓದು ಬಲ್ಲವರು ಬೆರಳಿಟ್ಟು ಓದಿ. ಬರದವರು ಎದ್ದು ಹೋಗಬೇಡಿ. ಈ ಕತೆಯನ್ನು ನಿಮಗೆ ಈಗ ಯಾರಾದರೂ ಓದಿ ಹೇಳುತ್ತಿದ್ದರೆ, ಇನ್ನೊಂದು ಸಲ ಮೊದಲಿನಿಂದ ಓದಲು ಹೇಳಿ, ಅವರ ಪಕ್ಕಕ್ಕೆ ಸರಿದು ಕೂತು ಬೆರಳಿನ ಕಡೆ ನೋಡಿ.