ಪೈಪುಗಳ ಕಾವಲಿಗೆ

ನಮ್ಮ ಊರಿನ ಲೂಥರನ್ ಚರ್ಚಿನಲ್ಲಿ ಸಮಿತಿಯೊಂದು ಹುಟ್ಟಿದರೆ ಅದು ಮೊದಲು ಕಾಫಿ ಕಾಯಿಸುತ್ತದೆ, ಆಮೇಲೆ ವಿಷಯ ಹುಡುಕುತ್ತದೆ. ಈ ಸಲ ವಿಷಯವೇ ಬಂದು ಚರ್ಚಿನ ಅಂಗಳದಲ್ಲಿ ನಿಂತಿತ್ತು: ವರ್ಲಿನ್ ಸ್ಟೋರ್ಡಾಲ್‌ನ ಹಳೆಯ ಪಿಕಪ್ ಟ್ರಕ್ಕು. ಬಾಡಿಗೆ ಮನೆಯನ್ನು ಮಾಲೀಕ ಮಾರಿಬಿಟ್ಟ ಮೇಲೆ ವರ್ಲಿನ್ ಅದರಲ್ಲೇ ಮಲಗುತ್ತಿದ್ದ. ಮಿನ್ನೆಸೋಟದ ನವೆಂಬರು ಆಗಲೇ ಅದರ ಗಾಜುಗಳಿಗೆ ಒಳಗಿನಿಂದ ಹಿಮ ಬಳಿಯಲು ಶುರುಮಾಡಿತ್ತು.

ಮನೆಯಿಲ್ಲದವರಿಗೆ ಹೇಗೆ ನೆರವಾಗುವುದೆಂದು ನಾವು ಮೂರನೆಯ ಬಾರಿ ಸೇರಿದ್ದೆವು. ಆರ್ಡಿಸ್ ಕಾಲುಚೀಲ ಹೆಣೆಯೋಣ ಎಂದಳು. ಗಾರ್ಡಿ ಡೇರೆ ಕೊಡಿಸೋಣ ಎಂದ. ಡೇರೆಯೊಳಗೆ ಕಾಲುಚೀಲ ಹಾಕಿಕೊಂಡು ಕೂರಬಹುದಲ್ಲ ಎಂದು ನಾನು ಎರಡು ಪಕ್ಷಗಳನ್ನೂ ಒಂದುಗೂಡಿಸಲು ನೋಡಿದೆ. ಚರ್ಚೆ ಕಾವೇರಿತು. ಅಂದರೆ ಗಾರ್ಡಿ “ಹ್ಞೂಂ, ಅದೂ ಒಂದು ಥರ” ಎಂದ. ನಮ್ಮಲ್ಲಿ ಇದಕ್ಕಿಂತ ಕಟುವಾದ ಮಾತಿಲ್ಲ.

ಇಷ್ಟೂ ಹೊತ್ತು ವರ್ಲಿನ್ ಮೇಜಿನ ತುದಿಯಲ್ಲೇ ಕೂತಿದ್ದ. ಕಾಫಿ ಇರುವಲ್ಲಿಗೆ ಯಾರು ಬೇಕಾದರೂ ಬರಬಹುದು. ಡೇರೆಯ ಬಣ್ಣದ ಬಗ್ಗೆ ಅಭಿಪ್ರಾಯವನ್ನೂ ಕೊಟ್ಟಿದ್ದ. ಅವನ ಕಾಲ ಬುಡದಲ್ಲೊಂದು ದಪ್ಪ ಚೀಲ. ಟ್ರಕ್ಕಿನ ಬೀಗ ಕೆಟ್ಟಿರಬೇಕು ಎಂದುಕೊಂಡೆ.

ನಮ್ಮ ಪಾಸ್ಟರ್ ಮಾರ್ಲಾ ಈ ಬೇಸಿಗೆಯಲ್ಲಷ್ಟೇ ಟೆಕ್ಸಸ್‌ನಿಂದ ಬಂದವರು, ನೇರ ಮಾತಿನ ಹೆಂಗಸು.

“ಅಲ್ರೀ, ಅವರು ಇಲ್ಲೇ ಕೂತಿದಾರೆ. ಒಂದು ಮಾತು ಕೇಳಬಾರ್ದಾ?”

ಈ ಉಪಾಯ ಯಾರಿಗೂ ಹೊಳೆದಿರಲಿಲ್ಲ.

“ವರ್ಲಿನ್, ಕೆಳಗಡೆ ಹಳೇ ಕಾವಲುಗಾರನ ಕೋಣೆ ಖಾಲಿ ಇದೆ. ಮಂಚ ಇದೆ, ಬಾಯ್ಲರ್ ಪಕ್ಕದಲ್ಲೇ, ಬೆಚ್ಚಗಿರುತ್ತೆ. ಬಂದಿರ್ತೀರಾ?”

“ಅಯ್ಯೋ ಬೇಡ ಪಾಸ್ಟರಮ್ಮ, ಟ್ರಕ್ಕಲ್ಲೇ ಆರಾಮಾಗಿದೀನಿ.”

“ಸರಿ, ನಿಮ್ಮಿಷ್ಟ. ಹಾಗಾದ್ರೆ ನಾಳೆ ಬೀಗದಕೈ ಹಾಡಿನ ತಂಡಕ್ಕೆ ಕೊಡ್ತೀನಿ, ಅವರ ನಿಲುವಂಗಿ ಇಡೋಕೆ ಜಾಗ ಬೇಕಂತೆ. ಈಗ ಕಾಲುಚೀಲ.”

ನಮ್ಮಲ್ಲಿ ಏನು ಕೊಟ್ಟರೂ ಎರಡು ಸಲ ಬೇಡವೆನ್ನಬೇಕು, ಮೂರನೆಯದಕ್ಕೆ ಒಪ್ಪಬಹುದು. ಮೊದಲ ಸಲಕ್ಕೇ ಹ್ಞೂಂ ಎಂದವನ ಕತೆಯನ್ನು ಅವನ ಮೊಮ್ಮಕ್ಕಳಿಗೂ ಹೇಳುತ್ತಾರೆ. ಆದರೆ ಮೊದಲ ‘ಬೇಡ’ಕ್ಕೇ ಕೈಬಿಟ್ಟವರನ್ನು ನಾವು ಕಂಡೇ ಇರಲಿಲ್ಲ. ನಾವೇ ಕೇಳೋಣವೆಂದರೆ ಬೀಗದಕೈ ಪಾಸ್ಟರದು. ಪಾಸ್ಟರನ್ನು ತಿದ್ದೋಣವೆಂದರೆ ಅದು ಇನ್ನೂ ದೊಡ್ಡ ಒರಟುತನ. ವರ್ಲಿನ್ ತನ್ನ ಖಾಲಿ ಲೋಟದೊಳಗೆ ನೋಡುತ್ತಿದ್ದ.

ಆರ್ಡಿಸ್ ತಟ್ಟೆ ಎತ್ತಿಕೊಂಡು, ಕಣ್ಣನ್ನು ಪಾಸ್ಟರ ಮೇಲೇ ನೆಟ್ಟು, ಕಿವುಡರಿಗೆ ಹೇಳುವಂತೆ ಹೇಳಿದಳು:

“ವರ್ಲಿನ್, ಕೇಕ್ ತಗೋ.”

“ಬೇಡ ಆರ್ಡಿಸ್, ಹೊಟ್ಟೆ ತುಂಬಿದೆ.”

“ಒಂದೇ ಒಂದು.”

“ಬೇರೆಯವರಿಗಿರ್ಲಿ ಬಿಡು.”

“ಉಳಿದ್ರೆ ಒಣಗಿ ಹೋಗುತ್ತೆ ಮಾರಾಯ.”

“ಹಾಗಂತೀಯಾ? ಸರಿ, ಒಂದು ಚೂರು.”

ಚೂರು ಎಂದರೆ ಎರಡು ತುಂಡು. ಪಾಸ್ಟರಿಗೆ ಏನೂ ತಿಳಿಯಲಿಲ್ಲ. ಆರ್ಡಿಸ್ ಅದೇ ಪಾಠವನ್ನು ಗಾರ್ಡಿಯ ಮೇಲೆ ಕಾಫಿಯಿಂದ ಮಾಡಿದಳು. ಆಮೇಲೆ ನನ್ನ ಮೇಲೆ, ಸೌತೆಕಾಯಿಯ ಉಪ್ಪಿನಕಾಯಿಯಿಂದ. ನನಗೆ ಅದನ್ನು ಕಂಡರಾಗದು. ಆದರೂ ಊರಿನ ಹಿತಕ್ಕಾಗಿ ಎರಡು ಸಲ ಬೇಡವೆಂದು, ಮೂರನೆಯ ಸಲ ಒಪ್ಪಿ, ಕಣ್ಣಲ್ಲಿ ನೀರು ತುಂಬಿಕೊಂಡು ತಿಂದೆ. ಆಗ ಪಾಸ್ಟರ ಹುಬ್ಬು ನಿಧಾನವಾಗಿ ಮೇಲೇರಿತು.

“ವರ್ಲಿನ್, ಆ ಕೋಣೆ... ಇನ್ನೊಂದ್ಸಲ ಯೋಚನೆ ಮಾಡಿ.”

“ಸುಮ್ನೆ ನಿಮಗೆಲ್ಲ ತೊಂದ್ರೆ.”

ಪಾಸ್ಟರ್ ಅಲ್ಲಿಗೇ ನಿಂತರು. ಲೆಕ್ಕ ತಪ್ಪಿತೋ ಏನೋ. ಗಾರ್ಡಿ ಪ್ರಾಣ ಹೋಗುವಂತೆ ಕೆಮ್ಮಿದ. ಆರ್ಡಿಸ್ ಮೇಜಿನಡಿ ಒದ್ದಳು, ತಗುಲಿದ್ದು ನನಗೆ.

“ಅಲ್ಲ, ಅಲ್ಲಿ ಯಾರೂ ಇಲ್ದಿದ್ರೆ,” ಎಂದರು ಪಾಸ್ಟರ್ ತಡವರಿಸುತ್ತ, “ಚಳಿಗೆ ನೀರಿನ ಪೈಪ್ ಒಡೆದ್ರೆ ಗತಿಯೇನು?”

ಬಾಯ್ಲರ್ ಪಕ್ಕದ ಪೈಪು ಎಂದೂ ಹೆಪ್ಪುಗಟ್ಟದೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ವರ್ಲಿನ್ ಗಂಭೀರವಾಗಿ ಗದ್ದ ತುರಿಸಿಕೊಂಡ.

“ಪೈಪಂದ್ರೆ ಕಷ್ಟಾನೇ. ಯಾರಾದ್ರೂ ನೋಡ್ಕೋಬೇಕು.”

ಮೇಜಿನಡಿಯಿಂದ ಚೀಲ ಮೇಲೆ ಬಂತು. ಅದರ ತೆರೆದ ಬಾಯಲ್ಲಿ ಮಡಿಸಿದ ಹೊದಿಕೆ, ದಿಂಬು, ಮನೆಯೊಳಗೆ ಹಾಕುವ ಚಪ್ಪಲಿ. ಮೊದಲ ಸಭೆಗೂ ಅವನು ಆ ಚೀಲ ತಂದಿದ್ದನೆಂದು ಆಗ ನೆನಪಾಯಿತು.

ಪಾಸ್ಟರ್ ಬೀಗದಕೈ ಚಾಚಿದರು. ವರ್ಲಿನ್ ಅದನ್ನು ಮೊದಲ ಸಲಕ್ಕೇ ತೆಗೆದುಕೊಂಡ. ನಾವೆಲ್ಲ ಕಾಣದವರಂತೆ ಕಾಫಿಗೆ ಸಕ್ಕರೆ ಕಲಕಿದೆವು.