ಒದ್ದೆ ರೇನ್‌ಕೋಟು

ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಹಾಳೆ ಇಟ್ಟು, ಬಿಸಿಯಲ್ಲಿ ಒತ್ತಿ ಒಂದು ಮಾಡೋದು ಮಾಕಳಿಯ ನಮ್ಮ ವರ್ಕ್‌ಶಾಪಿನ ಕೆಲಸ. ಏಟು ಬಿದ್ದರೆ ಗಾಜು ಬಿರುಕು ಬಿಡಬಹುದು, ಚೂರು ಮಾತ್ರ ಉದುರಬಾರದು. ಅವತ್ತು ಪರೀಕ್ಷೆಗೆ ಅಂತ ಒಂದು ಗಾಜಿನ ಮೇಲೆ ಕಬ್ಬಿಣದ ಗುಂಡು ಬೀಳಿಸಿದೆ. ಚೂರೆಲ್ಲ ಕಾಲ ಬುಡಕ್ಕೆ ಉದುರಿತು.

ಹಾಳೆಗೆ ತೇವ ತಾಗಿರಬೇಕು, ಅದಕ್ಕೇ ಗಾಜಿಗೆ ಅಂಟಿಲ್ಲ. ಹಾಳೆ ಇಡೋ ಎಸಿ ಕೋಣೆಯ ಬಾಗಿಲು ತೆಗೆದರೆ, ಸಾಲಾಗಿ ನೇತಾಡ್ತಿವೆ ಒದ್ದೆ ರೇನ್‌ಕೋಟುಗಳು!

"ಯಾರ ಐಡಿಯಾ ಇದು?" ಅಂತ ಕೂಗಿದೆ.

"ಇಲ್ಲಿ ಲಗೂನ ಒಣಗತಾವ್ರಿ, ಕನೀಜ್ ಮೇಡಮ್," ಅಂದರು ಹಳೇ ಕೆಲಸಗಾರ ಪಂಚಪ್ಪ. "ಉಳಿದ ಗಾಜು ನೋಡಾಕ ಚಲೋ ಅದಾವ. ಕಳಿಸಿಬಿಡೂಣ್ರಿ."

"ನಿಮ್ಮ ಮಗಳು ಓದೋ ಸ್ಕೂಲಿಗೇ ಹೋಗೋ ಗಾಜು ಕಣ್ರೀ ಇದು. ರಕ್ಷಾ ಯಾವ ಕಿಟಕಿ ಪಕ್ಕ ಕೂರ್ತಾಳೆ, ಹೇಳಿ!"

ಪಂಚಪ್ಪ ಕೋಟುಗಳನ್ನೆಲ್ಲ ಹೊರಗೆ ಎಸೆದರು. ಮಾಡಿಟ್ಟ ಗಾಜನ್ನೆಲ್ಲ ಗುಜರಿಗೆ ಹಾಕಿ, ಹೊಸ ಹಾಳೆ ತರಿಸಿ, ಮೊದಲಿಂದ ಶುರು ಮಾಡಿದೆವು.

ಈ ಸಲ ಗುಂಡು ಬಿದ್ದಾಗ ಗಾಜಿನ ತುಂಬ ಬಿರುಕು ಬಿಟ್ಟಿತು, ಒಂದು ಚೂರೂ ಉದುರಲಿಲ್ಲ. ಪಂಚಪ್ಪ ಗಾಜಿನ ಅಡಿಗೆ ಬರಿಗೈ ಹಾಕಿ ಸವರಿ ನೋಡಿದರು. ಆಮೇಲೆ ಗುಂಡು ಎತ್ತಿ ನನ್ನ ಕೈಗೆ ಕೊಟ್ಟರು.

"ಇನ್ನೊಮ್ಮೆ ಹಾಕ್ರಿ. ಇನ್ನೂ ಮ್ಯಾಲಿಂದ."